ಬೇಸಿಗೆಯ ಬಾಣಂತನ: ಇಬ್ಬರು ಹೆಣ್ಣುಮಕ್ಕಳು, ಒಂದು ಹಸುಗೂಸು

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಓಡಿಹೋಗುತ್ತದೆ ಎಂಬ ಮಾತು ಬಾಗಲಕೋಟೆಯ ಮಟ್ಟಿಗೆ ಬಹುಪಾಲು ನಿಜ. ನನ್ನ ಮೂರನೆಯ ಕೂಸು ಹುಟ್ಟಿದ್ದು ಶಿವರಾತ್ರಿ ಮುಗಿದ ಬೆನ್ನಿಗೇ ಆದ್ದರಿಂದ, ಅದರ ಮೊದಲ ಮೂರು ತಿಂಗಳು ಪೂರ್ತಿಯಾಗಿ ಬೇಸಿಗೆಯಲ್ಲಿಯೇ ಕಳೆಯುವುದೆಂದು ಮೊದಲೇ ಗೊತ್ತಿತ್ತು. ಹಿರಿಯ ಮಗಳು ಎರಡನೆಯ ತರಗತಿಯಲ್ಲಿದ್ದಳು, ಕಿರಿಯಳು ಅಂಗನವಾಡಿಗೆ ಹೋಗುತ್ತಿದ್ದಳು. ಇವರಿಬ್ಬರ ಬಾಣಂತನಗಳು ಮಳೆ ಮತ್ತು ಚಳಿಯ ದಿನಗಳಲ್ಲಿ ತವರಿನಲ್ಲಿ ಆಗಿದ್ದವು. ಈ ಸಲ ಹಿರಿಯಳ ವಾರ್ಷಿಕ ಪರೀಕ್ಷೆ ಎದುರಿಗಿದ್ದುದರಿಂದ ನಾನು ತವರಿಗೆ ಹೋಗದೆ, ಅವ್ವನನ್ನೇ ನವನಗರದ ನಮ್ಮ ಮನೆಗೆ ಕರೆಸಿಕೊಂಡೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಂತೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆ ಸಿಗುತ್ತದೆ, ಮೂರನೆಯದಕ್ಕೆ ಸಿಗುವುದು 12 ವಾರ ಮಾತ್ರ. ಆ ರಜೆಯ ಲೆಕ್ಕವನ್ನೂ ಏರುತ್ತಿರುವ ಬಿಸಿಲನ್ನೂ ಮುಂದಿಟ್ಟುಕೊಂಡು ಮನೆಯನ್ನು ಹೇಗೆ ನಡೆಸಿದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಬಾಣಂತನದ ಕಟ್ಟುಕಟ್ಟಳೆಗಳು ಹುಟ್ಟಿದ್ದು ದಪ್ಪ ಗೋಡೆಯ ಮಾಳಿಗೆ ಮನೆಗಳಲ್ಲಿ. ಅವುಗಳಲ್ಲಿ ಹೆಚ್ಚಿನವು ಶೀತಕ್ಕೆ ಹೆದರಿ ಮಾಡಿಕೊಂಡವು. ಕಾಂಕ್ರೀಟು ಛಾವಣಿಯ ಮನೆಯಲ್ಲಿ, ಏಪ್ರಿಲ್ ತಿಂಗಳಲ್ಲಿ, ಹೊರಗೆ 38ರಿಂದ 40 ಡಿಗ್ರಿ ತಾಪ ಇರುವಾಗ ಅವನ್ನು ಹಾಗೆಯೇ ಪಾಲಿಸಿದರೆ ಕೂಸು ಮತ್ತು ತಾಯಿ ಇಬ್ಬರಿಗೂ ತೊಂದರೆ. ಹಾಗೆಂದು ಎಲ್ಲವನ್ನೂ ಮೂಢನಂಬಿಕೆ ಎಂದು ಬದಿಗೊತ್ತುವುದೂ ತಪ್ಪು, ಏಕೆಂದರೆ ಬಾಣಂತಿಗೆ ವಿಶ್ರಾಂತಿ ಕೊಡುವ, ಬಂದು ಹೋಗುವವರನ್ನು ಬಾಗಿಲಲ್ಲಿಯೇ ತಡೆಯುವ, ಹೊತ್ತು ಹೊತ್ತಿಗೆ ಬಿಸಿ ಊಟ ನೀಡುವ ಆ ಪದ್ಧತಿಗೆ ಸಮನಾದುದನ್ನು ಈ ಕಾಲ ಇನ್ನೂ ಕಂಡುಹಿಡಿದಿಲ್ಲ. ಆದ್ದರಿಂದ ಅವ್ವ ಬಂದ ದಿನವೇ ಇಬ್ಬರೂ ಕುಳಿತು ಒಂದೊಂದನ್ನೂ ಬಿಡಿಬಿಡಿಯಾಗಿ ಮಾತನಾಡಿದೆವು: ಇದು ಈ ಬಿಸಿಲಿಗೆ ಆದೀತೇ, ಆಗದೇ?

ಮೊದಲು ಚರ್ಚೆಗೆ ಬಂದದ್ದು ಕೆಂಡ. ಬಾಣಂತಿಯ ಹೊರಸಿನ ಕೆಳಗೆ ಕುಳ್ಳಿನ ಕೆಂಡ ಇಡುವುದು, ಕಿಟಕಿಗಳನ್ನು ಮುಚ್ಚಿ ಕಿವಿಗೆ ಬಟ್ಟೆ ಬಿಗಿಯುವುದು ಅವ್ವನ ಕಾಲದ ಕ್ರಮ. ಅವ್ವ ಬಾಣಂತಿಯಾಗಿದ್ದ ಹಳೆಯ ಬಾಗಲಕೋಟೆಯ ಮನೆಗೆ ಮಣ್ಣಿನ ಮಾಳಿಗೆ ಇತ್ತು, ನಡುಮನೆಯ ಮೇಲೆ ಬೆಳಕಿಂಡಿ ಇತ್ತು, ಹೊಗೆಗೂ ಬಿಸಿಗಾಳಿಗೂ ಹೊರಗೆ ಹೋಗಲು ದಾರಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಆ ಊರಿನ ದೊಡ್ಡ ಭಾಗ ಮುಳುಗಡೆಯಾದ ಮೇಲೆ ಕಟ್ಟಿದ ನವನಗರದ ಮನೆಗಳಲ್ಲಿ ಅಂಥ ಬೆಳಕಿಂಡಿಗಳಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಮಲಗಿದವರನ್ನು ಎಬ್ಬಿಸುವುದೂ ಇಲ್ಲ. ಇದನ್ನು ವಿವರಿಸಿದಾಗ ಅವ್ವ ತಕ್ಷಣ ಒಪ್ಪಲಿಲ್ಲ. ‘ನಮಗೇನಾತು ಹಂಗಾರ?’ ಎಂಬ ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಮನೆಯ ಬಗ್ಗೆಯೇ ಹೊರತು ಅವರ ಕ್ರಮದ ಬಗ್ಗೆ ಆಗಿರಲಿಲ್ಲ. ಅವರು ಕೆಂಡವನ್ನು ಕೈಬಿಟ್ಟದ್ದು ಅದಕ್ಕಾಗಿಯೇ ಎಂದು ನನಗನಿಸುತ್ತದೆ. ಲೋಬಾನದ ಹೊಗೆ ಮಾತ್ರ ಅಂಗಳದ ಬಚ್ಚಲವರೆಗೆ ಉಳಿಯಿತು, ಅದೂ ನನ್ನ ಕೂದಲಿಗಷ್ಟೇ, ಕೂಸಿಗಲ್ಲ.

ಎರಡನೆಯದು ನೀರು. ಬಾಣಂತಿ ಹೆಚ್ಚು ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಕೂಸಿಗೆ ಶೀತವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಾಲುಣಿಸುವ ತಾಯಿ ಬೇಸಿಗೆಯಲ್ಲಿ ನೀರು ಬಿಗಿ ಹಿಡಿದರೆ ತಲೆಸುತ್ತು, ಮಲಬದ್ಧತೆ, ಉರಿಮೂತ್ರಗಳು ಬರುವುದು ಖಂಡಿತ. ಇಲ್ಲಿ ನಾವು ಮಾಡಿಕೊಂಡ ಒಪ್ಪಂದ ಸರಳವಾಗಿತ್ತು: ಕಾಯಿಸಿ ಆರಿಸಿದ ನೀರಿಗೆ ಅವ್ವ ಅಜವಾನವನ್ನೋ ಜೀರಿಗೆಯನ್ನೋ ಹಾಕಲಿ, ಆದರೆ ನಾನು ಹಾಲು ಕುಡಿಸಲು ಕುಳಿತಾಗಲೆಲ್ಲ ಒಂದು ತುಂಬಿದ ತಂಬಿಗೆ ಪಕ್ಕದಲ್ಲಿ ಇರಲಿ. ಮಜ್ಜಿಗೆಗೆ ಶುಂಠಿ ಮತ್ತು ಇಂಗಿನ ಒಗ್ಗರಣೆ ಬಿದ್ದ ಮೇಲೆ ಅದೂ ‘ಥಂಡಿ’ ಪಟ್ಟಿಯಿಂದ ಹೊರಬಂತು. ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಿಗೆ ಪಲ್ಯ, ಮೆತ್ತನೆಯ ಜೋಳದ ರೊಟ್ಟಿ ಎಲ್ಲವೂ ಇದ್ದವು. ಅಂಟಿನ ಉಂಡಿಯನ್ನು ಮಧ್ಯಾಹ್ನದ ಬದಲು ಬೆಳಗಿನ ತಂಪಿನಲ್ಲಿ ತಿಂದೆ, ಅಷ್ಟೇ ವ್ಯತ್ಯಾಸ.

ಕೂಸಿಗೆ ಮಾತ್ರ ನೀರಿಲ್ಲ. ಇದು ನಾನು ಯಾರೊಡನೆಯೂ ರಾಜಿಯಾಗದ ವಿಷಯ. ತಾಯಿಯ ಹಾಲಿನಲ್ಲಿ ಸುಮಾರು 87 ಭಾಗ ನೀರೇ ಇರುತ್ತದೆ, ಆದ್ದರಿಂದ ಎಂಥ ಬಿಸಿಲಿನಲ್ಲಿಯೂ ಮೊದಲ ಆರು ತಿಂಗಳು ಹಾಲಿನ ಹೊರತು ಹನಿ ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೀರು ಕುಡಿಸಿದರೆ ಪುಟ್ಟ ಹೊಟ್ಟೆ ಅದರಿಂದಲೇ ತುಂಬಿ ಹಾಲು ಕಡಿಮೆಯಾಗುತ್ತದೆ, ಬೇಸಿಗೆಯ ನೀರಿನಿಂದ ಭೇದಿಯ ಭಯವೂ ಇದೆ. ಜೇನುತುಪ್ಪವನ್ನು ನಾಲಗೆಗೆ ಹಚ್ಚಲು ಬಂದ ಹಿರಿಯರೊಬ್ಬರನ್ನು ಅವ್ವನೇ ತಡೆದರು. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ತರಬಹುದೆಂದು ಆಶಾ ಕಾರ್ಯಕರ್ತೆ ಅವರಿಗೆ ಹೇಳಿದ್ದರು, ಮತ್ತು ನಾನು ಹೇಳಿದ್ದಕ್ಕಿಂತ ಆಕೆ ಹೇಳಿದ್ದು ಅವ್ವನಿಗೆ ಹೆಚ್ಚು ಪಥ್ಯವಾಗುತ್ತಿತ್ತು.

ಈ ಆಶಾ ಕಾರ್ಯಕರ್ತೆಯರ ಮನೆಭೇಟಿಗಳ ಬಗ್ಗೆ ಪಟ್ಟಣದಲ್ಲಿರುವ ಅನೇಕರಿಗೆ ಗೊತ್ತೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಅವರು ನೋಡುವ ಕ್ರಮವಿದೆ; ತೂಕ ಹಿಡಿಯುತ್ತಾರೆ, ಕಂಕುಳಿನ ತಾಪ ಅಳೆಯುತ್ತಾರೆ, ಹೊಕ್ಕುಳು ನೋಡುತ್ತಾರೆ. ಹುಟ್ಟಿದ ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ಮರಳಿ ಬರಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರುತ್ತಿರಬೇಕು. ಬೇಸಿಗೆಯಲ್ಲಿ ಈ ಅಂಕಿಗಳ ಮೇಲೆ ಕಣ್ಣಿಡಲು ಇನ್ನೊಂದು ಕಾರಣವೂ ಇದೆ: ಹಾಲು ಸಾಲದೆ ಕೋಣೆಯೂ ಕಾದಿದ್ದರೆ ಹಸುಗೂಸಿಗೆ ನೀರಿನಂಶ ಕಡಿಮೆಯಾಗಿಯೇ ಮೈ ಬಿಸಿಯಾಗುತ್ತದೆ. ಅದು ಬರಿಯ ಬಿಸಿಲಿನ ಕಾವೋ ಸೋಂಕಿನ ಜ್ವರವೋ ಎಂದು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು. ಕಂಕುಳಿನಲ್ಲಿ 36.5ರಿಂದ 37.5 ಡಿಗ್ರಿ ಸರಿ. 38 ಮುಟ್ಟಿದರೆ, ಅಥವಾ ಕೂಸು ಹಾಲು ಬಿಟ್ಟು ಮಂಕಾದರೆ, ರಾತ್ರಿಯೋ ಹಗಲೋ ನೋಡದೆ ವೈದ್ಯರ ಬಳಿ ಹೋಗುವುದೆಂದು ನಾವು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡೆವು.

ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ದಿನವೂ ತೂಕ ಮಾಡಬೇಕಾಗಿಲ್ಲ, ಒದ್ದೆ ಬಟ್ಟೆ ಎಣಿಸಿದರೆ ಸಾಕು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಅಥವಾ ಹೆಚ್ಚು ಸಲ ತಿಳಿಯಾದ ಮೂತ್ರ ಹೋದರೆ ಕೂಸಿನ ಹೊಟ್ಟೆ ತುಂಬುತ್ತಿದೆ ಎಂದರ್ಥ. ಈ ಎಣಿಕೆಯನ್ನು ನಾನು ನನ್ನ ಹೆಣ್ಣುಮಕ್ಕಳಿಗೆ ಒಪ್ಪಿಸಿದೆ. ಮಾರ್ಚ್ ಎಂದರೆ ನಮ್ಮಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಕಾಲ; ಅವ್ವ ಊರಿನಿಂದ ತಂದ ಹಣ್ಣಿನ ಬೀಜಗಳು ಒಂದು ಪುಟ್ಟಿಯಲ್ಲಿ ತುಂಬಿದ್ದವು. ಲಂಗೋಟಿ ಬದಲಿಸಿದಾಗಲೆಲ್ಲ ಒಂದು ಬೀಜವನ್ನು ಹಿತ್ತಾಳೆ ಬಟ್ಟಲಿಗೆ ಹಾಕುವುದು ಕಿರಿಯಳ ಕೆಲಸ, ದೀಪ ಹಚ್ಚುವ ಹೊತ್ತಿಗೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯುವುದು ಹಿರಿಯಳ ಕೆಲಸ. ಮಕ್ಕಳಿಗೆ ಸುಳ್ಳು ಕೆಲಸ ಕೊಟ್ಟರೆ ಅವರಿಗೆ ಅರ್ಧ ದಿನದಲ್ಲಿಯೇ ಗೊತ್ತಾಗಿಬಿಡುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಇದು ಸುಳ್ಳು ಕೆಲಸವಾಗಿರಲಿಲ್ಲ, ಏಕೆಂದರೆ ಆಶಾ ಕಾರ್ಯಕರ್ತೆ ಬಂದಾಗ ಕೇಳುತ್ತಿದ್ದದ್ದು ಆ ಲೆಕ್ಕವನ್ನೇ, ಮತ್ತು ಅದನ್ನು ನೋಡಲು ಅವರು ನನ್ನ ಕಡೆಗಲ್ಲ, ಹಿರಿಯ ಮಗಳ ಕಡೆಗೆ ಕೈ ಚಾಚುತ್ತಿದ್ದರು.

ಬೇಸಿಗೆಯ ಬಾಣಂತನದ ದೊಡ್ಡ ಲಾಭವೂ ಈ ಲಂಗೋಟಿಗಳಲ್ಲಿಯೇ ಇದೆ. ಮಳೆಗಾಲದಲ್ಲಿ ಹುಟ್ಟಿದ ಹಿರಿಯಳ ಬಟ್ಟೆಗಳನ್ನು ಒಲೆಯ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ಎಲ್ಲೆಲ್ಲಿಯೋ ಹರವಿ ಒಣಗಿಸಿದ್ದು ನೆನಪಿದೆ. ಇಲ್ಲಿ ಹಿಂಡಿ ಹಾಕಿದ ಧೋತರದ ತುಂಡು ಅರ್ಧ ಗಂಟೆಯಲ್ಲಿ ಗರಿಗರಿಯಾಗುತ್ತಿತ್ತು. ಕೊಂಡು ತರುವ ಡೈಪರನ್ನು ಹಗಲು ಹೊತ್ತು ಬಳಸಲೇ ಇಲ್ಲ. ಹಾಸಲು ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಕೌದಿ, ಅದರ ಮೇಲೆ ಒಂದು ತೆಳು ಬಟ್ಟೆ. ಹೊದಿಸಲು ಏನೂ ಇಲ್ಲ. ಗುಳೇದಗುಡ್ಡದ ಖಣದಿಂದ ಹೊಲಿದ ಕುಂಚಿಗೆಯನ್ನು ಚೆಂದಕ್ಕಾಗಿ ತೊಟ್ಟಿಲ ಕಾರ್ಯದ ದಿನ ಆರತಿ ಮುಗಿಯುವವರೆಗೆ ಹಾಕಿ, ಫೋಟೊ ತೆಗೆದು, ಬಿಚ್ಚಿ ಪೆಟ್ಟಿಗೆಗೆ ಹಾಕಿದೆವು. ಹಸುಗೂಸಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು, ಕಾವು ಹೊರಹೋಗುವುದಕ್ಕೆ ಅದು ಬಯಲಾಗಿರಬೇಕು. ಆದರೂ ಕುತ್ತಿಗೆಯ ಮಡಿಕೆಗಳಲ್ಲಿ ಬೆವರುಸಾಲೆ ಎದ್ದಿತು. ಪೌಡರ್ ಹಾಕಲಿಲ್ಲ, ಅದರ ಧೂಳು ಕೂಸಿನ ಉಸಿರಿಗೆ ಒಳ್ಳೆಯದಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಗಾಳಿಗೆ ಬಿಟ್ಟೆವು. ಎಣ್ಣೆ ಹಚ್ಚಿ ನೀರೆರೆಯುವುದನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸುತ್ತಿದ್ದೆವು. ಕೊಬ್ಬರಿ ಎಣ್ಣೆ, ಮೊಣಕೈ ತಡೆಯುವಷ್ಟು ಉಗುರುಬೆಚ್ಚಗಿನ ನೀರು. ಹಬೆ ಏಳುವ ನೀರು ನನ್ನ ಬೆನ್ನಿಗಿರಲಿ ಎಂದು ಅವ್ವನಿಗೆ ಹೇಳಿದ್ದೆ, ಅವರು ಅದನ್ನು ಅಕ್ಷರಶಃ ಪಾಲಿಸಿದರು.

ಕೋಣೆಯ ಆಯ್ಕೆಗೆ ನಾವು ಹೆಚ್ಚು ತಲೆ ಕೆಡಿಸಿಕೊಂಡೆವು, ಅದು ಸಾರ್ಥಕವೂ ಆಯಿತು. ಕಾಂಕ್ರೀಟು ಛಾವಣಿ ಹಗಲೆಲ್ಲ ಬಿಸಿಲನ್ನು ಹೀರಿಕೊಂಡು ರಾತ್ರಿ ಕೆಳಗೆ ಬಿಡುತ್ತದೆ. ಸಂಜೆ ಏಳರಿಂದ ಹನ್ನೊಂದರವರೆಗೆ ಕೋಣೆ ಅಂಗಳಕ್ಕಿಂತ ಬಿಸಿಯಾಗಿರುವುದು ಇದರಿಂದಲೇ. ಹೆರಿಗೆಗೆ ಮೊದಲೇ ನನ್ನ ಗಂಡ ಛಾವಣಿಗೆ ದಪ್ಪನಾಗಿ ಸುಣ್ಣ ಬಳಿದರು. ಬಿಳುಪು ಬಿಸಿಲನ್ನು ಹಿಂದಿರುಗಿಸುವುದರಿಂದ ಒಳಗಿನ ಕಾವು ಕೈಗೆ ತಿಳಿಯುವಷ್ಟು ಇಳಿಯಿತು. ಪಡುವಣ ಗೋಡೆಯ ಮಲಗುವ ಕೋಣೆಯನ್ನು ಬಿಟ್ಟು, ಮೂಡಣ ಕಿಟಕಿ ಮತ್ತು ಪಡಸಾಲೆಯ ಬಾಗಿಲು ಎದುರುಬದುರಾಗಿರುವ ಚಿಕ್ಕ ಕೋಣೆಗೆ ಹೊರಸು ಹಾಕಿದೆವು. ಬೆಳಗಿನ ಐದರಿಂದ ಎಂಟೂವರೆಯವರೆಗೆ ಎಲ್ಲವೂ ತೆರೆದಿರುತ್ತಿತ್ತು. ಆಮೇಲೆ ಬಿಸಿಲ ಕಡೆಯ ಕಿಟಕಿಗಳಿಗೆ ಒದ್ದೆ ಮಾಡಿದ ದಪ್ಪ ನೂಲಿನ ಸೀರೆ. ಗಾಳಿಯಲ್ಲಿ ತೇವವೇ ಇಲ್ಲದ ನಮ್ಮಂಥ ಊರಿನಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ನೀರು ಆವಿಯಾಗುವಾಗ ಕಾವನ್ನು ಎಳೆದುಕೊಂಡು ಹೋಗಬೇಕು; ಮಂಗಳೂರಿನಲ್ಲಿರುವ ನನ್ನ ಗೆಳತಿ ಇದನ್ನೇ ಮಾಡಿದರೆ ಸೆಖೆ ಹೆಚ್ಚೀತೇ ಹೊರತು ತಂಪಾಗದು. ಏರ್ ಕೂಲರಿಗೂ ಇದೇ ಮಾತು ಅನ್ವಯಿಸುತ್ತದೆ, ಒಂದು ಕಿಟಕಿ ತೆರೆದಿರಲೇಬೇಕು. ಫ್ಯಾನು ತಿರುಗುತ್ತಿತ್ತು, ಅದರ ಗಾಳಿ ನೇರವಾಗಿ ಕೂಸಿನ ಮುಖಕ್ಕೆ ಬೀಳದಂತೆ ನೋಡಿಕೊಂಡೆವು. ರಾತ್ರಿ ಹೆಣ್ಣುಮಕ್ಕಳು ಅಪ್ಪನೊಂದಿಗೆ ಮಾಳಿಗೆಯ ಮೇಲೆ ಸೊಳ್ಳೆಪರದೆ ಕಟ್ಟಿಕೊಂಡು ಮಲಗಿದರು, ಅದು ಅವರಿಗೆ ಹಬ್ಬ, ನನಗೆ ನೆಮ್ಮದಿ.

ಹೋಳಿ ಬಂದಾಗ ಕೂಸಿಗೆ ಎರಡು ವಾರ ತುಂಬಿತ್ತು. ಬಾಗಲಕೋಟೆಯ ಹೋಳಿ ಎಂದರೆ ಒಂದು ದಿನದ ಮಾತಲ್ಲ. ದಿನಗಟ್ಟಲೆ ಹಲಗೆ ಬಡಿತ, ಬಂಡಿಗಳಲ್ಲಿ ಬಣ್ಣದ ಪೀಪಾಯಿ. ಹಲಗೆಯ ಸದ್ದಿಗೆ ಕೂಸು ಬೆಚ್ಚುವುದೆಂದು ಹೆದರಿದ್ದೆ, ಅದು ಹಾಯಾಗಿ ನಿದ್ದೆ ಮಾಡಿತು. ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸದಿರುವ ಯೋಚನೆ ನನಗೆ ಬರಲೇ ಇಲ್ಲ: ಮನೆಗೆ ಕೂಸು ಬಂದದ್ದರಿಂದ ನಮ್ಮ ಹೋಳಿ ಹೋಯಿತು ಎಂಬ ಲೆಕ್ಕ ಮಕ್ಕಳ ಮನಸ್ಸಿನಲ್ಲಿ ಒಮ್ಮೆ ಬಿದ್ದರೆ ಅಳಿಸುವುದು ಕಷ್ಟ. ಮೈತುಂಬ ಎಣ್ಣೆ ಹಚ್ಚಿಕೊಂಡು ಹೋದರು, ಹಿಂದಿರುಗಿದ ಮೇಲೆ ಹಿತ್ತಲಿನಲ್ಲಿಯೇ ಅಪ್ಪ ತಲೆಗೆ ಎರೆದರು, ಬಟ್ಟೆ ಬದಲಿಸಿದ ಮೇಲೆಯೇ ಒಳಗೆ ಪ್ರವೇಶ. ಶಾಲೆಯಿಂದ ಬಂದಾಗಲೂ ಇದೇ ನಿಯಮ ಇತ್ತು. ಬೇಸಿಗೆಯ ಆರಂಭದಲ್ಲಿ ಶಾಲೆಗಳಲ್ಲಿ ಸಿಡುಬು ಹೋಲುವ ಸೀತಾಳೆ ಸಿಡುಬು, ಕೆಮ್ಮು, ನೆಗಡಿ ಸುತ್ತುತ್ತಿರುತ್ತವೆ. ಕೈಕಾಲು ತೊಳೆದು ಅಂಗಿ ಬದಲಿಸಿದವರು ಕೂಸಿನ ಪಾದಕ್ಕೆ ಮುತ್ತು ಕೊಡಬಹುದು, ಮುಖಕ್ಕೆ ಇಲ್ಲ. ಕಿರಿಯಳು ಈ ನಿಯಮವನ್ನು ಬಂದ ನೆಂಟರ ಮೇಲೂ ಹೇರಿದಳು.

ನೆಂಟರ ವಿಷಯ ಬಂದದ್ದರಿಂದ ಒಂದು ಮಾತು ಹೇಳಲೇಬೇಕು. ಹುಟ್ಟಿದ್ದು ಗಂಡು. ಎರಡು ಹೆಣ್ಣಿನ ಮೇಲೆ ಗಂಡು ಹುಟ್ಟಿದ ಮನೆಗೆ ಬರುವವರು ಏನು ಹೇಳುತ್ತಾರೆಂದು ಕನ್ನಡ ನಾಡಿನಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ‘ಅಂತೂ ದೇವರು ಕಣ್ಣು ತೆರೆದ’, ‘ಇನ್ನ ಚಿಂತಿ ಹೋತು’ ಎಂಬ ಮಾತುಗಳು ಹೊಸ್ತಿಲು ದಾಟುವ ಮೊದಲೇ ಬೀಳುತ್ತವೆ, ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳ ಕಿವಿಯ ಮೇಲೆ. ಪ್ರತಿಯೊಬ್ಬರೊಡನೆ ವಾದಕ್ಕಿಳಿಯಲು ಬಾಣಂತಿಗೆ ಶಕ್ತಿ ಇರುವುದಿಲ್ಲ; ಸುಮ್ಮನಿರುವುದೂ ಸಾಧ್ಯವಿಲ್ಲ. ನಾವು ಮಾಡಿದ್ದೇನೆಂದರೆ, ಕೂಸನ್ನು ತೋರಿಸುವ ಹಕ್ಕನ್ನು ಹೆಣ್ಣುಮಕ್ಕಳಿಗೆ ಕೊಟ್ಟೆವು. ಬಂದವರು ಮೊದಲು ಅವರ ಹತ್ತಿರ ಮಾತನಾಡಿ, ಕೈ ತೊಳೆದು, ಅವರು ಕರೆದಾಗ ಒಳಗೆ ಬರಬೇಕು. ಅಂಥ ಮಾತು ಬಂದಾಗ ನನ್ನ ಗಂಡ ನಗುತ್ತಲೇ, ಆದರೆ ಮಕ್ಕಳಿಗೆ ಕೇಳುವಷ್ಟು ಗಟ್ಟಿಯಾಗಿ, ‘ನಮ್ಮ ಮನ್ಯಾಗ ಚಿಂತಿ ಯಾವಾಗ ಇತ್ತರೀ?’ ಎನ್ನುತ್ತಿದ್ದರು. ತೊಟ್ಟಿಲ ಕಾರ್ಯದ ದಿನ ಮಲ್ಲಿಗೆ ಮೊಗ್ಗಿನ ಸುಗ್ಗಿ ಆಗತಾನೆ ಶುರುವಾಗಿದ್ದರಿಂದ ಇಬ್ಬರಿಗೂ ಮೊಗ್ಗಿನ ಜಡೆ ಹಾಕಿಸಿ, ಖಣದ ಪರಕಾರ ತೊಡಿಸಿದೆವು. ಕೂಸಿನ ಕಿವಿಯಲ್ಲಿ ಹೆಸರು ಕೂಗುವುದು ಸೋದರತ್ತೆಯ ಹಕ್ಕು. ಅವಳು ಕೂಗಿದ ಮೇಲೆ ಅಕ್ಕಂದಿರೂ ಕೂಗಿದರು. ಸಂಪ್ರದಾಯದಲ್ಲಿ ಇದಕ್ಕೆ ಅಡ್ಡಿ ಇದೆಯೇ ಎಂದು ಯಾರೂ ಕೇಳಲಿಲ್ಲ.

ಇಷ್ಟಾದರೂ ಕಿರಿಯಳು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಮಾಡತೊಡಗಿದಳು, ಕೈತುತ್ತು ಬೇಕೆಂದಳು. ಅದನ್ನು ಬೈದು ಬಿಡಿಸುವ ಗೋಜಿಗೆ ಹೋಗಲಿಲ್ಲ. ಮಧ್ಯಾಹ್ನ ಕೂಸು ನೆರಳಿನ ಕೋಣೆಯಲ್ಲಿ ಮಲಗಿದ ಹೊತ್ತು, ನಾನೂ ಮಲಗಬೇಕೆಂದು ಎಲ್ಲರೂ ಹೇಳುವ ಹೊತ್ತು, ಅವಳಿಗೆ ಮೀಸಲಾಯಿತು. ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತ ಇಬ್ಬರೂ ನಿದ್ದೆ ಹೋಗುತ್ತಿದ್ದೆವು. ಯುಗಾದಿಯ ಬೇವು ಕುಡಿಯುವ ಹೊತ್ತಿಗೆ ಅದು ತಾನಾಗಿ ಕಡಿಮೆಯಾಗಿತ್ತು. ಹಿರಿಯಳದು ಬೇರೆ ರೀತಿ: ಅವಳು ಹೆಚ್ಚು ಜಾಣಳಾಗಿಬಿಟ್ಟಳು, ಯಾವುದನ್ನೂ ಕೇಳದವಳಾದಳು. ತಾಯಂದಿರು ಇದನ್ನು ಹೊಗಳಿ ಸುಮ್ಮನಾಗುತ್ತಾರೆ. ನನಗೆ ಇದೇ ಹೆಚ್ಚು ಕಾಳಜಿ ಮಾಡಬೇಕಾದ ಲಕ್ಷಣ ಎನಿಸಿತು. ಏಪ್ರಿಲ್ ಎರಡನೆಯ ವಾರ ಬೇಸಿಗೆ ರಜೆ ಬಿದ್ದ ಮೇಲೆ ಬೆಳಿಗ್ಗೆ ಅಪ್ಪನೊಂದಿಗೆ ಸಂತೆಗೆ ಹೋಗಿ ಬರುವುದು ಅವಳೊಬ್ಬಳದೇ ಪಾಲಾಯಿತು. ಬಿಸಿಲಿನ ಹೊತ್ತಿಗೆ ಪಡಸಾಲೆಯ ತಂಪು ಕಲ್ಲಿನ ಮೇಲೆ ಗಜಗದ ಆಟ, ಅಳಗುಳಿಮಣೆ. ಅದಕ್ಕೂ ಹುಣಸೆ ಬೀಜಗಳೇ ಬಳಕೆಯಾದವು. ಮೇಲೆ ಶಾವಿಗೆ ಒಣಹಾಕಿದಾಗ ಕಾವಲು ಕಾಯುವ ಕೆಲಸ ಸಂಜೆಯವರೆಗೆ ಸಾಲುತ್ತಿತ್ತು.

ಸಂಜೆಯ ಅಳು ಮಾತ್ರ ಯಾವ ವ್ಯವಸ್ಥೆಗೂ ಬಗ್ಗಲಿಲ್ಲ. ಹಸುಗೂಸುಗಳ ಅಳು ಎರಡನೆಯ ವಾರದಿಂದ ಏರುತ್ತ ಆರನೆಯ ವಾರದ ಹೊತ್ತಿಗೆ ತುತ್ತತುದಿ ಮುಟ್ಟಿ, ಮೂರು ನಾಲ್ಕು ತಿಂಗಳಿಗೆ ಇಳಿಯುತ್ತದೆ. ನಮ್ಮ ಕೂಸಿನ ಆರನೆಯ ವಾರಕ್ಕೂ ಊರಿನ ಕಡುಬಿಸಿಲಿಗೂ ಗಂಟು ಬಿದ್ದಿತ್ತು. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರ ಇಲ್ಲ ಎಂದು ಖಚಿತವಾದ ಮೇಲೆ ಅಂಗಳದಲ್ಲಿ ಎತ್ತಿಕೊಂಡು ತಿರುಗುವುದೊಂದೇ ಉಪಾಯ. ಎತ್ತಿಕೊಂಡವರ ಮೈಬಿಸಿಯೇ ಕೂಸಿಗೆ ಸೆಖೆ ತರುವುದರಿಂದ ಹದಿನೈದು ನಿಮಿಷಕ್ಕೊಮ್ಮೆ ಕೈ ಬದಲಿಸುತ್ತಿದ್ದೆವು.

ಆರು ವಾರದ ಲಸಿಕೆಗೆ ಬೆಳಿಗ್ಗೆಯೇ ಹೋದೆವು. ಬಾಯಿಗೆ ಪೋಲಿಯೊ ಮತ್ತು ರೋಟಾ ಹನಿ, ಎಡತೊಡೆಗೆ ಪೆಂಟಾವೇಲೆಂಟ್, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿಗೆ ಪೋಲಿಯೊ ಚುಚ್ಚುಮದ್ದು. ಪೆಂಟಾವೇಲೆಂಟ್ ಆದ ಮೇಲೆ ಜ್ವರ ಬರುವುದು ಸಾಮಾನ್ಯವಾದ್ದರಿಂದ ಎಷ್ಟು ಹನಿ ಔಷಧ, ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಅಲ್ಲಿಯೇ ಕೇಳಿ ತಾಯಿ ಕಾರ್ಡಿನ ಮೇಲೆ ಬರೆಸಿಕೊಂಡೆ. ಹುಟ್ಟಿದಾಗ ಎಡತೋಳಿಗೆ ಹಾಕಿದ ಬಿಸಿಜಿಯ ಜಾಗದಲ್ಲಿ ಅದೇ ದಿನಗಳಲ್ಲಿ ಗುಳ್ಳೆ ಎದ್ದಿತ್ತು. ಅದನ್ನು ಬೆವರುಸಾಲೆ ಎಂದುಕೊಂಡು ಎಣ್ಣೆಯನ್ನೋ ಮುಲಾಮನ್ನೋ ಹಚ್ಚುವವರಿದ್ದಾರೆ. ಅದಕ್ಕೆ ಏನೂ ಹಚ್ಚಬಾರದು, ಅದು ತಾನಾಗಿ ಒಣಗಿ ಕಲೆ ಉಳಿಯುತ್ತದೆ.

ರಜೆ ಮುಗಿದು ನಾನು ಕೆಲಸಕ್ಕೆ ಮರಳಿದಾಗ ಮೇ ತಿಂಗಳ ನಡುಬಿಸಿಲು. ಹಿಂಡಿಟ್ಟ ತಾಯಿಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ ಉಳಿಯುತ್ತದೆ ಎಂಬ ಲೆಕ್ಕ ನಮ್ಮ ಮನೆಗೆ ಅನ್ವಯಿಸುವಂತಿರಲಿಲ್ಲ. ಆದ್ದರಿಂದ ಹಿಂಡಿದ ತಕ್ಷಣ ಸ್ಟೀಲಿನ ಮುಚ್ಚಳದ ಬಟ್ಟಲುಗಳಲ್ಲಿ ಫ್ರಿಜ್ಜಿನ ಹಿಂಭಾಗದಲ್ಲಿ ಇಡುತ್ತಿದ್ದೆ, ಬಾಗಿಲ ಬದಿಯಲ್ಲಿ ಅಲ್ಲ. ಕರೆಂಟು ಹೋದಾಗ ಫ್ರಿಜ್ಜಿನ ಬಾಗಿಲು ತೆರೆಯುವ ಅಧಿಕಾರ ಅವ್ವನೊಬ್ಬರಿಗೇ ಇತ್ತು. ಬಾಟಲಿ ತರಲಿಲ್ಲ. ಅವ್ವ ನನಗೂ ನನ್ನ ತಮ್ಮನಿಗೂ ಕುಡಿಸಿದ್ದ ಬೆಳ್ಳಿಯ ಒಳಲೆ ಇತ್ತು; ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಬಿಸಿನೀರಿನ ಪಾತ್ರೆಯಲ್ಲಿ ಹಾಲಿನ ಬಟ್ಟಲನ್ನು ಇಳಿಬಿಟ್ಟು ತಣುಪು ಕಳೆದು, ಕೂಸನ್ನು ಅರ್ಧ ಕೂರಿಸಿಕೊಂಡು ಅದರಿಂದಲೇ ಕುಡಿಸಿದರು. ಒಳಲೆಯಿಂದ ಕುಡಿದ ಕೂಸು ಸಂಜೆ ನಾನು ಬಂದಾಗ ಮೊಲೆ ಹಿಡಿಯಲು ಸತಾಯಿಸಲಿಲ್ಲ. ಎರಡು ಸಲ ಕುಡಿಸುವಷ್ಟು ಹಾಲು ಮನೆಯಲ್ಲಿ ಬಿಟ್ಟು ಹೊರಡಲು ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕಾಗುತ್ತಿತ್ತು. ಬಾಗಲಕೋಟೆಯ ಮೇ ತಿಂಗಳಲ್ಲಿ ಹೇಗೂ ನಿದ್ದೆ ಮಾಡಲು ತಕ್ಕ ಹೊತ್ತು ಎಂದರೆ ಅದೊಂದೇ ಎಂಬುದನ್ನು ಮಾತ್ರ ದೂರಿಕೊಳ್ಳದೆ ಇರಲಾರೆ.